ಹಗೇವಿನ ಬಂದಗಿಸಾಬ

ಬಂದಗಿಸಾಬ ಯಾರು ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಆರು ವರ್ಷ ಒಂದೇ ಉತ್ತರ ಸಿಗುತ್ತಿತ್ತು. "ಭೀಮಶ್ಯಾನ ಜೀವಾ ತಗೊಂಡಾಂವ" ಎನ್ನುತ್ತಿದ್ದರು. ಹಾಗೆ ಅಂದವರ ಬಾಯಿಗೆ ಮಣ್ಣು ಹಾಕಬೇಕು ಎಂದು ನನಗೆ ಅನಿಸಬೇಕಿತ್ತು. ಅನಿಸಲಿಲ್ಲ. ಅವನು ಯಾರ ಜೀವವನ್ನೂ ತೆಗೆದಿಲ್ಲ ಎಂದು ಗೊತ್ತಿದ್ದವಳು ಊರಿನಲ್ಲಿ ನಾನೊಬ್ಬಳೇ. ನಾನು ಬಾಯಿ ಮುಚ್ಚಿಕೊಂಡು ಎರಡು ಹೊತ್ತು ಅಡಿಗೆ ಮಾಡಿಕೊಂಡು ಇದ್ದೆ.

ನಾನು ವಿಜಯಲಕ್ಷ್ಮಿ. ಸಿಂದಗಿಯವಳು. ಬಸ್ ಸ್ಟ್ಯಾಂಡಿನ ಎದುರಿಗೆ ಅಪ್ಪನ ಕಿರಾಣಿ ಅಂಗಡಿ ಇತ್ತು. ೧೯೮೯ರಲ್ಲಿ ಇಂಡಿಯಿಂದ ಹೊರ್ತಿಯ ಕಡೆಗೆ ಹೋಗುವ ದಾರಿಯ ಈ ಊರಿಗೆ ಶ್ರೀಶೈಲ ಎನ್ನುವವರ ಹೆಂಡತಿಯಾಗಿ, ಶಂಕ್ರೆವ್ವ ಎನ್ನುವ ಅತ್ತೆಗೆ ಸೊಸೆಯಾಗಿ ಬಂದೆ. ಹೆಂಡತಿಯ ಕೆಲಸ ಕಡಿಮೆ ಇತ್ತು. ಸೊಸೆಯ ಕೆಲಸವೇ ಹೆಚ್ಚು.

ಬಂದ ಮೊದಲನೆಯ ವಾರವೇ ನಮ್ಮ ಅಂಗಳದಲ್ಲಿ ಬಂದಗಿಸಾಬನನ್ನು ಕಂಡೆ. ಒಣಗಿದ ತೆಳ್ಳನೆಯ ಮನುಷ್ಯ, ಮೊಣಕಾಲಿನ ತನಕ ಧೋತರ, ಹೆಗಲ ಮೇಲೆ ಪುಂಡಿನಾರಿನ ಹಗ್ಗದ ಸುರುಳಿ. ಬರಿಗಾಲಿನಿಂದ ನೆಲವನ್ನು ಒದೆಯುತ್ತಿದ್ದ. ಇವನಿಗೇನು ಹುಚ್ಚೋ ಎಂದುಕೊಂಡೆ.

"ಏನ್ ನೋಡ್ತೀರಿ ಸಣ್ಣ ಅವ್ವಾರ?" ಎಂದ. "ಮುದುಕನ ಹೊಟ್ಟಿದೂ ಹಗೇವಿಂದೂ ಒಂದ ಸಪ್ಪಳ. ಖಾಲಿ ಇದ್ರ ತಾನs ಹೇಳ್ತದ."

ಹಗೇವು ಎಂದರೆ ನೆಲದೊಳಗಿನ ಕಣಜ. ಗಟ್ಟಿ ಗರಸು ನೆಲದಲ್ಲಿ ಎರಡಾಳು ಆಳ ತೋಡಿರುತ್ತಾರೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಇರುತ್ತದೆ, ಹೊಟ್ಟೆ ಮಾತ್ರ ಗುಡಾಣದ ಹಾಗೆ ಅಗಲ. ಸುತ್ತ ಒಣಗಿದ ಜೋಳದ ಕಣಿಕೆಯ ಹಾಸು ಕಟ್ಟಿ, ಜೋಳ ಸುರುವಿ, ಮೇಲೆ ಹೊಟ್ಟು ಹಾಕಿ, ಪರಸಿ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ಹುಳ ಸಾಯಿಸುವ ಗುಳಿಗೆ ಇಲ್ಲ, ಪುಡಿ ಇಲ್ಲ, ಚೀಲವೂ ಇಲ್ಲ. ನಾಲ್ಕು ವರ್ಷ ಬಿಟ್ಟು ತೆಗೆದರೂ ಒಂದು ನುಸಿ ಇರುವುದಿಲ್ಲ. ಮುಚ್ಚಿದ ಹಗೇವಿನ ಗಾಳಿಯಲ್ಲಿ ಹುಳ ಬದುಕುವುದಿಲ್ಲ. ಹುಳ ಬದುಕದ ಕಡೆ ಮನುಷ್ಯನೂ ಬದುಕುವುದಿಲ್ಲ. ಅದಕ್ಕೇ ಅದನ್ನು ತೆಗೆಯುವುದಕ್ಕೆ ತಿಳಿದವನೊಬ್ಬ ಬೇಕು. ಸುತ್ತಲಿನ ಏಳೆಂಟು ಊರಿಗೆ ಅಂಥವನು ಬಂದಗಿಸಾಬ.

ಅವನದೊಂದು ಪದ್ಧತಿ ಇತ್ತು. ಕಲ್ಲಿಗೆ ಕೈ ಹಚ್ಚುವ ಮೊದಲು ಮನೆಯ ಹೆಂಗಸನ್ನು ಕರೆದು ಮೂರು ಮಾತು ಕೇಳುತ್ತಿದ್ದ. ಒಳಗೆ ಏನೈತಿ? ಎಷ್ಟು ವರ್ಷದ್ದೈತಿ? ಹಸಿದೋ ಒಣದೋ? ಗಂಡಸರನ್ನು ಕೇಳುತ್ತಿರಲಿಲ್ಲ. "ಗಂಡಸರು ಒಂದಕ್ಕ ಹತ್ತು ಹೇಳ್ತಾರ. ಮನಿಯೊಳಗ ಏನೈತಿ ಅಂತ ಗೊತ್ತಿರೂದು ಹೆಣ್ಮಕ್ಕಳಿಗೇ" ಎನ್ನುತ್ತಿದ್ದ. ಆ ಉತ್ತರದ ಮೇಲೆ ಹಗೇವಿನ ಬಾಯಿಯನ್ನು ಎಷ್ಟು ದಿನ ತೆರೆದಿಡಬೇಕು ಎಂದು ಲೆಕ್ಕ ಹಾಕುತ್ತಿದ್ದ. ಆಮೇಲೆ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುವುದು. ಆರಿದರೆ ಇಳಿಯುವ ಹಾಗಿಲ್ಲ. ಉರಿದರೆ ಇಳಿಯಬಹುದು. ಮೂವತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಇಲಿಯೂ ಸತ್ತಿರಲಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದಳು.

ಅವನ ಜೋಡಿ ಭೀಮಶ್ಯಾ. ಬೌದ್ಧರ ಓಣಿಯವನು, ಅವನಿಗಿಂತ ಇಪ್ಪತ್ತು ವರ್ಷ ಸಣ್ಣವನು. ಒಬ್ಬ ಇಳಿದರೆ ಒಬ್ಬ ಹಗ್ಗ ಹಿಡಿಯಬೇಕು. ಭೀಮಶ್ಯಾನಿಗೆ ಹೆಣ್ಣು ನೋಡಿ ಬಂದವನೂ ಬಂದಗಿಸಾಬನೇ. ಆ ಹೆಣ್ಣು ಗುಂಡವ್ವ. ಗಂಡ ಹೆಂಡತಿ ಇಬ್ಬರೂ ಬಂದಗಿಸಾಬನನ್ನು ಮಾವ ಎಂದು ಕರೆಯುತ್ತಿದ್ದರು. ಎರಡು ಮನೆಗಳ ನಡುವೆ ಒಂದು ಬೇವಿನ ಗಿಡ ಬಿಟ್ಟರೆ ಗೋಡೆ ಕೂಡ ಇರಲಿಲ್ಲ. ಇಬ್ಬರೂ ದಾರಿಯ ತುಂಬ ಜಗಳಾಡುತ್ತ ಬರುತ್ತಿದ್ದರು, ಜಗಳಾಡುತ್ತ ಹೋಗುತ್ತಿದ್ದರು. ಇಬ್ಬರಲ್ಲಿ ಒಬ್ಬನೇ ಬಂದದ್ದನ್ನು ಕಂಡವರಿಲ್ಲ.

ಇನ್ನು ನನ್ನ ಸುದ್ದಿ. ಅತ್ತೆಯ ಮನೆಯಲ್ಲಿ ಕಸ ಎನ್ನುವ ವಸ್ತುವೇ ಇರಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಮುಸುರೆ ಎಮ್ಮೆಗೆ, ಬೂದಿ ಪಾತ್ರೆ ತಿಕ್ಕಲು, ಹಳೆ ಸೀರೆ ಕೌದಿಗೆ, ಸಗಣಿ ಕುಳ್ಳಿಗೆ, ಉಳಿದದ್ದೆಲ್ಲ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ನಾನು ಸಿಂದಗಿಯಿಂದ ಬರುವಾಗಲೆಲ್ಲ ಕ್ಯಾರಿಬ್ಯಾಗಿನಲ್ಲಿ ಸಾಮಾನು ತರುತ್ತಿದ್ದೆ. ಶಾಂಪೂ ಚೀಟು, ಬಿಸ್ಕೀಟಿನ ಹಾಳಿ, ಎಣ್ಣೆಯ ಪಾಕೀಟು. ಒಂದು ಸಲ ಇವನ್ನೆಲ್ಲ ತಿಪ್ಪೆಗೆ ಒಗೆದೆ. ಅತ್ತೆ ಇಡೀ ಓಣಿಗೆ ಕೇಳುವ ಹಾಗೆ ಒದರಿದಳು.

"ಅಯ್ಯ ನಿನ್ನ! ಅದು ಹೊಲಕ್ಕ ಹೋಗ್ತೈತಿ. ಭೂಮಿ ತಾಯಿಗೆ ಉಗುಳಾಕೂ ಬರಂಗಿಲ್ಲ, ನುಂಗಾಕೂ ಬರಂಗಿಲ್ಲ ಅದನ್ನ. ನಿಮ್ಮಪ್ಪನ ಅಂಗಡಿಗೇ ಒಯ್ದು ಕೊಡು."

ಅಪ್ಪನ ಅಂಗಡಿಯ ಸುದ್ದಿ ಎತ್ತಿದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ತಿಪ್ಪೆಗೆ ಬೇಡವಾದರೆ ಬೇಡ. ಹಿತ್ತಲಲ್ಲಿ ಒಂದು ಹಗೇವು ಖಾಲಿ ಬಿದ್ದಿತ್ತು. ಆ ಹೊತ್ತಿಗೆ ಜನ ಜೋಳವನ್ನು ಚೀಲದಲ್ಲಿ ತುಂಬಿ ಗುಳಿಗೆ ಇಟ್ಟು ಪಡಸಾಲೆಯಲ್ಲಿ ಒಟ್ಟುವುದನ್ನು ಕಲಿತಿದ್ದರು. ಕಲ್ಲನ್ನು ಒಂದು ಗೇಣು ಸರಿಸಿ ಕ್ಯಾರಿಬ್ಯಾಗುಗಳನ್ನು ಒಳಗೆ ಬಿಟ್ಟೆ. ಸಪ್ಪಳವೂ ಆಗಲಿಲ್ಲ. ಕಣ್ಣಿಗೆ ಕಾಣದ್ದು ಮನೆಯಲ್ಲಿ ಇಲ್ಲ ಎಂದೇ ಲೆಕ್ಕ. ಹತ್ತು ವರ್ಷ ಅದರಲ್ಲಿ ಒಗೆದೆ. ಅತ್ತೆಗೆ ಗೊತ್ತಿತ್ತು, ಗೊಣಗುತ್ತಿದ್ದಳು. "ಲಕ್ಷ್ಮೀ ಕುಂಡ್ರೂ ಜಾಗಾ ಅದು. ಒಣಾ ಕಸಾ ಒಗಿತಿ ಅಂತ ಸುಮ್ಮನದೇನಿ. ಹಸಿದು ಒಂದs ಒಂದು ಬಿತ್ತಂದ್ರ ನಿನ್ನ ಕೈಯಾನ ನೀರು ಕುಡಿಯಂಗಿಲ್ಲ" ಎನ್ನುತ್ತಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು ಅವಳು.

೨೦೦೦ದ ಶ್ರಾವಣದಲ್ಲಿ ನಮ್ಮ ಎಮ್ಮೆ ಸತ್ತ ಕರುವನ್ನು ಹಾಕಿತು. ಅತ್ತೆ ಬಸವನ ಬಾಗೇವಾಡಿಗೆ ತನ್ನ ತಂಗಿಯ ಮನೆಗೆ ಹೋಗಿದ್ದಳು. ಇವರು ಬಿಜಾಪುರಕ್ಕೆ ಹೋಗಿದ್ದರು. ಮಳೆ ಹತ್ತಿತ್ತು. ಮೊದಲಾದರೆ ಸತ್ತ ದನ ಎಳೆಯಲು ಭೀಮಶ್ಯಾನ ಓಣಿಯವರನ್ನು ಕರೆಯುತ್ತಿದ್ದರಂತೆ. ಅವರು ಬೌದ್ಧರಾದ ಮೇಲೆ ಆ ಕೆಲಸ ಬಿಟ್ಟರು, ಬಿಟ್ಟದ್ದು ಒಳ್ಳೆಯದೇ ಆಯಿತು. ನಮ್ಮಂಥವರು ನಮ್ಮ ಮನೆಯ ಸತ್ತದ್ದನ್ನು ನಾವೇ ಹುಗಿಯುವುದನ್ನು ಕಲಿಯಲಿಲ್ಲ, ಅಷ್ಟೇ. ಹೊಲದ ತನಕ ಹೊತ್ತು, ಕೆಸರಿನಲ್ಲಿ ತಗ್ಗು ತೋಡಿ, ಯಾರು ಮಾಡಬೇಕು ಅದನ್ನೆಲ್ಲ? ಕರುವನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹಗೇವಿನ ತನಕ ಎಳೆದು, ಒಳಗೆ ಬಿಟ್ಟೆ. ಎರಡು ದಿನ ಬಿಟ್ಟು, ಓಣಿಯವರ ಮನೆಯ ಹೆಸರಿಡುವ ಕಾರ್ಯಕ್ರಮದಿಂದ ಬಂದು ಹಳಸಿದ ಅನ್ನ, ಸಾರನ್ನೂ ಅದರ ಮೇಲೆ ಸುರುವಿದೆ. ಆಮೇಲೆ ಎಂಟು ತಿಂಗಳ ಕ್ಯಾರಿಬ್ಯಾಗು ಅದರ ಮೇಲೆ ಬಿದ್ದವು. ಯಾರಿಗೂ ಹೇಳಲಿಲ್ಲ. ಕರು ಏನಾಯಿತು ಎಂದು ಅತ್ತೆ ಕೇಳಿದಾಗ ಹುಗಿಸಿದೆ ಎಂದೆ.

ಮುಂದಿನ ವರ್ಷ ಬಿಳಿಜೋಳ ಬಾಳ ಚಲೋ ಬಂತು. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಚೀಲ. ರಾಶಿ ಮನೆಗೆ ಬಂದ ಮೇಲೆ, ಏಪ್ರಿಲ್ ತಿಂಗಳಲ್ಲಿ, ಅಡ್ಡಮಳೆ ಮೂರು ದಿನ ಹೊಡೆಯಿತು. ಮಾಳಿಗೆ ಸೋರಿ ಅರ್ಧ ಚೀಲ ತೋಯ್ದವು. ಹದಿನೈದು ದಿನದಲ್ಲಿ ನುಸಿ ಎದ್ದಿತು. ಗುಳಿಗೆ ಇಟ್ಟರೂ ಹೋಗಲಿಲ್ಲ. "ಹಗೇವು ತಗಸು" ಎಂದು ಅತ್ತೆ ಹಟ ಹಿಡಿದಳು. ಒಣಗಿಸಿದ ಜೋಳವನ್ನು ಹಗೇವಿಗೆ ಹಾಕಿದರೇ ಉಳಿಯುವುದು ಎಂದಳು. ಬಂದಗಿಸಾಬನಿಗೆ ಹೇಳಿ ಕಳಿಸಿದರು.

ಆ ಹೊತ್ತಿಗೆ ಅವನಿಗೆ ಅರವತ್ತು ದಾಟಿತ್ತು. ಇಳಿಯುವ ಕೆಲಸ ಭೀಮಶ್ಯಾನದು, ಹಗ್ಗ ಹಿಡಿಯುವ ಕೆಲಸ ಇವನದು ಆಗಿತ್ತು. ಬಂದವನೇ ಆಕಾಶ ನೋಡಿ, "ಮಳಿ ಪಂಚಾಂಗ ಬಿಟ್ಟು ಬಾಳ ವರ್ಸ ಆತ್ರಿ ದೊಡ್ಡವ್ವಾರ. ಮಿರಗದಾಗ ಬರೂದಿಲ್ಲ, ಬ್ಯಾಸಿಗ್ಯಾಗ ಬರ್ತೈತಿ. ಅದಕ್ಕೂ ನಮ್ಮಂಗ ತಲಿ ಕೆಟ್ಟೈತಿ" ಎಂದ. ಅತ್ತೆ ನಕ್ಕಳು. ಆಮೇಲೆ ಅವನು ನನ್ನ ಕಡೆ ತಿರುಗಿದ.

"ಹೇಳ್ರಿ ಸಣ್ಣ ಅವ್ವಾರ. ಒಳಗ ಏನೈತಿ?"

"ಕಸ" ಎಂದೆ.

"ಎಷ್ಟು ವರ್ಸದ್ದು?"

"ಹತ್ತು ವರ್ಸದ್ದು."

"ಹಸಿದೋ, ಒಣದೋ?"

ಅತ್ತೆ ನನ್ನ ಮಗ್ಗುಲಲ್ಲೇ ನಿಂತಿದ್ದಳು. ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದಳು. "ಒಣದು" ಎಂದೆ.

"ಒಣಾ ಕಸ ಅಷ್ಟs?"

"ಅಷ್ಟs ಅಂತ ಹೇಳಾಕತ್ತೇನಲ್ಲ. ಕ್ಯಾರಿಬ್ಯಾಗು, ಹಾಳಿ. ಎಷ್ಟ ಸಲ ಕೇಳ್ತಿ?" ಎಂದು ಅವನ ಮೇಲೇ ಹರಿಹಾಯ್ದೆ. ಸುಳ್ಳು ಹೇಳುವಾಗ ನನಗೆ ಸಿಟ್ಟು ಬರುತ್ತದೆ.

"ಆತ್ರಿ, ಆತ್ರಿ" ಎಂದು ಕೈ ಮುಗಿದ. ಒಣ ಕಸವಾದರೆ ಒಂದು ದಿನ ಬಾಯಿ ತೆರೆದರೆ ಸಾಕು. ಅವತ್ತು ಕಲ್ಲು ಸರಿಸಿ, ಮರುದಿನ ಬಿಸಿಲೇರುವ ಮೊದಲು ಇಬ್ಬರೂ ಬಂದರು. ಕಂದೀಲು ಇಳಿಬಿಟ್ಟರು. ಅದು ಉರಿಯಿತು. ಒಂದು ಬೀಡಿ ಸೇದಿ ಮುಗಿಸುವ ತನಕ ಕಾಯ್ದರು. ಆಗಲೂ ಉರಿಯುತ್ತಿತ್ತು. ಭೀಮಶ್ಯಾ ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದ.

"ಏನ್ರಿ ಅಕ್ಕಾರ, ಇಂಡಿ ಸಂತೀನ ತಂದು ಇಲ್ಲಿ ತುಂಬೀರಲ್ಲ" ಎಂದು ಒಳಗಿನಿಂದ ನಕ್ಕ. ಐದಾರು ಬುಟ್ಟಿ ಮೇಲೆ ಬಂದವು. ಎಲ್ಲವೂ ಒಣ ಕ್ಯಾರಿಬ್ಯಾಗುಗಳೇ. ಬಂದಗಿಸಾಬ ನನ್ನ ಕಡೆ ನೋಡಿ ತಲೆಯಾಡಿಸಿದ, ನೀವು ಹೇಳಿದ್ದು ಖರೆ ಎನ್ನುವ ಹಾಗೆ. ನಾನು ಚಹಾ ಕಾಯಿಸಲು ಒಳಗೆ ಹೋದೆ.

ಚಹಾ ತಂದಾಗ ಸಲಿಕೆಯ ಸಪ್ಪಳ ಕೇಳುತ್ತಿತ್ತು. ಆಮೇಲೆ ಭೀಮಶ್ಯಾನ ದನಿ: "ಥೂ, ನಾರ್ತೈತಿ ಮಾವ! ಏನೋ ಹಸೀದೈತಿ ಇಲ್ಲಿ."

ಆಗ ನಾನು ಒದರಬೇಕಿತ್ತು. ಬಾಯಿ ಇತ್ತು, ದನಿ ಇತ್ತು. ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ನಾನು ಚಹಾದ ತಟ್ಟೆ ಹಿಡಿದು ನಿಂತೆ.

"ಮ್ಯಾಲ ಬಾ" ಎಂದ ಬಂದಗಿಸಾಬ. "ಭೀಮ್ಯಾ, ಬಿಡು ಅದನ್ನ. ಮ್ಯಾಲ ಬಾ ಮೊದ್ಲ." ಅನ್ನುತ್ತಲೇ ಹಗ್ಗ ಜಗ್ಗಿದ.

"ತಡೀ, ತಡೀ. ಹೋತು ನೋಡು. ಈಗ ವಾಸನಿ ಇಲ್ಲ."

ಅದೇ ಅವನ ಕಡೆಯ ಮಾತು. ಬಂದಗಿಸಾಬ ಜಗ್ಗುತ್ತಲೇ ಇದ್ದ, ಹಗ್ಗ ಭಾರವಾಗಿತ್ತು. ಕೂಗಿದ, ಜಗ್ಗಿದ, ಕೂಗಿದ. ನಮ್ಮವರು ಓಡಿ ಬಂದು ಕೈ ಹಚ್ಚಿದರು. ಮೇಲೆ ತರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಒಳಗೆ ಕಂದೀಲು ಇನ್ನೂ ಉರಿಯುತ್ತಿತ್ತು. ಬಂದಗಿಸಾಬ ಹಗೇವಿನೊಳಗೆ ಹಾರಲು ಹೋದ, ಇಬ್ಬರು ಅವನನ್ನು ನೆಲಕ್ಕೆ ಒತ್ತಿ ಹಿಡಿದರು. ನಾನು ಚಹಾವನ್ನು ಒಂದು ಹನಿಯೂ ಚೆಲ್ಲದೆ ಒಳಗೆ ಒಯ್ದು ಒಲೆಯ ಮಗ್ಗುಲಲ್ಲಿ ಇಟ್ಟೆ.

ಇಂಡಿಯ ಡಾಕ್ಟರು ನೋಡಿ, ಕೊಳೆತದ್ದರ ಗಾಳಿ ಇದು ಎಂದರಂತೆ. ಕೊಳೆತದ್ದು ಪ್ಲಾಸ್ಟಿಕ್ಕಿನ ಕೆಳಗೆ ಸಿಕ್ಕಿ ಕೂತಿರುತ್ತದೆ, ಸಲಿಕೆ ತಾಗಿದಾಗ ಮೇಲೇಳುತ್ತದೆ, ದೀಪಕ್ಕೆ ಇದು ತಿಳಿಯುವುದಿಲ್ಲ, ಮೊದಲು ಮೂಗು ಸಾಯುತ್ತದೆ, ಆಮೇಲೆ ಮನುಷ್ಯ. ಒಳಗೆ ಏನಿತ್ತು ಎಂದು ಕೇಳಿದರಂತೆ. "ಒಣಾ ಕಸಾ ಇತ್ತಂತ್ರಿ" ಎಂದು ಇವರು ಹೇಳಿ ಬಂದರು. ಅದೇ ವಾರ ಟ್ರ್ಯಾಕ್ಟರಿನಿಂದ ಮಣ್ಣು ತಂದು ಹಗೇವು ತುಂಬಿಸಿದರು.

ಹಿರಿಯರು ಕೂತು ಬಂದಗಿಸಾಬನನ್ನು ಕೇಳಿದರು. "ಮೂರೂ ಮಾತು ಕೇಳೇನ್ರಿ. ಒಣದು ಅಂದ್ರು. ಕಂದೀಲು ಉರೀತು. ಇಳಿದ ಮ್ಯಾಲ ನಾರ್ತೈತಿ ಅಂದಾ ಭೀಮ್ಯಾ" ಎಂದ. ನನ್ನನ್ನು ಕರೆಸಿದರು. ನಡುಮನೆಯ ಬಾಗಿಲಲ್ಲಿ ನಿಂತು "ಹೌದ್ರಿ, ಒಣಾ ಕಸ" ಎಂದೆ. ಅಲ್ಲಿಗೆ ತೀರ್ಮಾನವಾಯಿತು. ಒಣ ಕಸ ಮನುಷ್ಯನನ್ನು ಕೊಲ್ಲುವುದಿಲ್ಲ, ಮುದುಕ ಅವಸರ ಮಾಡಿದ, ಪೂರಾ ಒಂದು ದಿನ ಬಾಯಿ ತೆರೆದಿಡಲಿಲ್ಲ, ಕಂದೀಲಿನ ಮಾತು, ನಾತದ ಮಾತು ಎರಡೂ ಸುಳ್ಳು, ಹಗ್ಗ ಜಗ್ಗುವ ಕಸುವು ಇಲ್ಲದವನು ಯಾಕೆ ಹಿಡಿಯಬೇಕಿತ್ತು. ಮಣ್ಣು ಕೊಡುವ ಹೊತ್ತಿನಲ್ಲಿ ಗುಂಡವ್ವ ಎಲ್ಲರೆದುರು ಅವನಿಗೆ, "ಹಗ್ಗ ನಿನ್ನ ಕೈಯಾಗಿತ್ತು" ಎಂದಳಂತೆ. ಅಷ್ಟೇ ಮಾತು. ಆಮೇಲೆ ಅವನ ಕೂಡ ಮಾತಾಡಲಿಲ್ಲ. ಬೇವಿನ ಗಿಡದ ಮಗ್ಗುಲಿಗೆ ಹುಲ್ಲಿನ ತಟ್ಟಿ ಕಟ್ಟಿದಳು.

ನಮ್ಮ ಮನೆಯಿಂದ ಅವಳಿಗೆ ಎರಡು ಚೀಲ ಜೋಳ ಕಳಿಸಿದರು. ಅವಳು ಒಂದೊಂದನ್ನೇ ತಲೆಯ ಮೇಲೆ ಹೊತ್ತು ತಂದು ನಮ್ಮ ಕಟ್ಟೆಗೆ ಇಳಿಸಿ ಹೋದಳು. ನಾನು ಕಿಟಕಿಯಿಂದ ನೋಡಿದೆ. ಏನೂ ಅನಿಸಲಿಲ್ಲ. ಅಳು ಬರಲಿ ಎಂದು ಒಂದು ಸಲ ಕೋಣೆಯಲ್ಲಿ ಹೋಗಿ ಕೂತೆ, ಬರಲಿಲ್ಲ. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ತುಟಿಯನ್ನು ಬೇರೆಯವರದ್ದು ಎನ್ನುವ ಹಾಗೆ ಮುಟ್ಟಿ ನೋಡುತ್ತೇವಲ್ಲ, ನನ್ನನ್ನು ನಾನು ಹಾಗೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಉಂಡೆ, ಮಲಗಿದೆ, ಎದ್ದೆ. ಅತ್ತೆ ನನ್ನ ಕೈಯ ನೀರು ಕುಡಿಯುತ್ತಲೇ ಇದ್ದಳು. ಎರಡು ವರ್ಷ ಬಿಟ್ಟು ತೀರಿಕೊಂಡಳು. ಆಗಲಾದರೂ ಹೇಳಬಹುದಿತ್ತು. ಹೇಳದೆ ರೂಢಿಯಾಗಿತ್ತು.

ಬಂದಗಿಸಾಬನನ್ನು ಯಾರೂ ಹಗೇವಿಗೆ ಕರೆಯಲಿಲ್ಲ. ಬೇರೆ ಊರಿನವರೂ ಬಿಟ್ಟರು. ಅವನು ಮನೆಯ ಮುಂದೆ ಕೂತು ಹಗ್ಗ ಹೊಸೆಯತೊಡಗಿದ. ಪುಂಡಿ ಹಾಕುವವರು ಕಡಿಮೆಯಾದ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳ ಎಳೆ ಬಿಚ್ಚಿ ಹೊಸೆಯುತ್ತಿದ್ದ. ಮುಂಜಾನೆ ಎದ್ದು ಹೊಲದ ಬದುವುಗಳಲ್ಲಿ ಜಾಲಿಕಂಟಿಗೆ ಸಿಕ್ಕ ಕ್ಯಾರಿಬ್ಯಾಗುಗಳನ್ನು ಆರಿಸಿ ಚೀಲಕ್ಕೆ ತುಂಬುತ್ತಿದ್ದ. ಯಾಕೆ ಎಂದು ಕೇಳಿದರೆ ಉತ್ತರ ಕೊಡುತ್ತಿರಲಿಲ್ಲ. ಆ ಚೇಷ್ಟೆಯ ಮಾತುಗಾರ ಎಲ್ಲಿ ಹೋದನೋ ಏನೋ. ನಮ್ಮ ಮನೆಯ ಮುಂದೆ ಹಾಯುವಾಗ ನನ್ನನ್ನು ಕಂಡರೆ ತಲೆ ತಗ್ಗಿಸುತ್ತಿದ್ದ. ಹೌದು, ಅವನೇ ತಲೆ ತಗ್ಗಿಸುತ್ತಿದ್ದ! ನಮ್ಮ ಹಿತ್ತಲಲ್ಲಿ ತನ್ನಿಂದ ಒಂದು ಸಾವಾಯಿತು ಎಂದು.

ನಾನೇನು ಮಾಡಿದೆ ಗೊತ್ತೇ? ಶಾಣ್ಯಾಳಾದೆ. ಕ್ಯಾರಿಬ್ಯಾಗು ಬಿಟ್ಟೆ. ಹಳೆ ಪತ್ತಲ ಹರಿದು ಕೈಚೀಲ ಹೊಲಿದೆ. ಹಸಿ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೊಂದು ಬುಟ್ಟಿ ಇಟ್ಟೆ. ಎರೆಹುಳದ ಗೊಬ್ಬರ ಮಾಡಿದೆ. ೨೦೦೫ರಲ್ಲಿ ನಮ್ಮ ಮಹಿಳಾ ಸಂಘದವರು ನನ್ನಿಂದ ಭಾಷಣ ಮಾಡಿಸಿದರು. "ಹಸಿದು ಬ್ಯಾರೆ, ಒಣದು ಬ್ಯಾರೆ ಮಾಡ್ರಿ, ಭೂಮಿ ಉಳಸ್ರಿ" ಎಂದು ಹೇಳಿದೆ. ಚಪ್ಪಾಳೆ ತಟ್ಟಿದರು. ಒಂದು ತೆಂಗಿನಕಾಯಿ, ಒಂದು ಹಾರ. ಹಾರವನ್ನು ಮನೆಗೆ ತಂದು ಎರೆಹುಳದ ಗುಂಡಿಗೆ ಹಾಕಿದೆ.

ಇಷ್ಟೆಲ್ಲ ಆಗಿ, ೨೦೦೭ರ ಎಳ್ಳಮಾಸಿ ಹಬ್ಬದ ಹಿಂದಿನ ದಿನ. ಮೂರು ಮನೆ ಆಚೆಯ ಸುನಂದಾ ಎನ್ನುವವಳ ಮನೆಗೆ ಮೊಸರು ಕೇಳಲು ಹೋಗಿದ್ದೆ. ಅವಳ ಹಿತ್ತಲಲ್ಲಿ ಬಂದಗಿಸಾಬ ಕೈ ಜೋಡಿಸಿ ನಿಂತಿದ್ದ. ಅವಳ ಮನೆಯ ಹಳೆ ಹಗೇವಿನ ಕಲ್ಲು ಒಂದು ಗೇಣು ಸರಿದಿತ್ತು. ಸುನಂದಾಳ ಕೈಯಲ್ಲಿ ಎರಡು ಬಕೆಟ್ಟು, ಒಂದರಲ್ಲಿ ಸತ್ತ ಕೋಳಿಗಳು.

"ತಂಗೀ, ನಿನ್ನ ಕಾಲು ಬೀಳ್ತೇನಿ. ಹಗೇವಿಗೆ ಒಗೀಬ್ಯಾಡ" ಎನ್ನುತ್ತಿದ್ದ. "ನಾಳೆ ಯಾರರೆ ಇಳಿದ್ರ..."

"ಏ, ಹೋಗೋ ಮುದುಕ!" ಎಂದಳು ಸುನಂದಾ. "ಜೀವಾ ತಗೊಂಡಾಂವ ನಮಗ ಬುದ್ಧಿ ಹೇಳಾಕ ಬಂದಾನ. ನಿನ್ನ ಕೈಯಾಗ ಹಗ್ಗ ಇರಲಿಲ್ಲಂದ್ರ ಯಾರೂ ಸಾಯೂದಿಲ್ಲ ತಗಿ. ವಿಜಿ ಅಕ್ಕಾರೂ ಹತ್ತು ವರ್ಸ ಒಗದಾರ, ಅವರಿಗೇನಾತು?"

ಅವನು ತಿರುಗಿ ನಡೆದ. ಹೆಗಲ ಮೇಲಿನ ಕ್ಯಾರಿಬ್ಯಾಗುಗಳ ಚೀಲ ಗೋಡೆಗೆ ತಾಗಿ ಹರಿಯಿತು, ಬಗ್ಗಿ ಆರಿಸಿಕೊಳ್ಳತೊಡಗಿದ. ನನಗೆ ಆಗ ಸಿಟ್ಟು ಬಂತು. ಆರು ವರ್ಷದಲ್ಲಿ ಬಂದ ಮೊದಲನೆಯ ಸಿಟ್ಟು. ಸುನಂದಾಳ ಮೇಲೆ ಬಂದಿತೋ, ನನ್ನ ಮೇಲೋ, ವಿಚಾರ ಮಾಡಲು ಪುರುಸೊತ್ತು ಸಿಗಲಿಲ್ಲ.

"ನಿಂದ್ರು ಬಂದಗಿಸಾಬ" ಎಂದೆ. "ನಾ ಸುಳ್ಳು ಹೇಳಿದ್ದೆ. ಅದರಾಗ ಸತ್ತ ಕರಾ ಇತ್ತು. ಹಳಸಿದ ಅನ್ನ ಇತ್ತು. ನಾನs ಹಾಕಿದ್ದೆ. ಅತ್ತಿಗೆ ಅಂಜಿ ಒಣದು ಅಂದೆ."

ಸುನಂದಾ ಬಕೆಟ್ಟು ಕೆಳಗಿಟ್ಟಳು. ಬಂದಗಿಸಾಬ ಬಗ್ಗಿದವನು ಹಾಗೇ ಇದ್ದ. ಬೈಯುತ್ತಾನೆ, ಹೊಡೆಯುತ್ತಾನೆ, ಅಳುತ್ತಾನೆ ಎಂದು ಕಾಯ್ದೆ. ಅವನು ನಿಧಾನ ನೆಟ್ಟಗಾಗಿ, ಕಸುಬಿನವನು ಕೇಳುವ ಹಾಗೆ ಕೇಳಿದ.

"ಯಾವ ತಿಂಗಳು ಹಾಕಿದ್ರಿ?"

"ಶ್ರಾವಣ."

"ಚೀಲದಾಗ ಕಟ್ಟಿದ್ರೇನು?"

"ಗೊಬ್ಬರದ ಚೀಲದಾಗ."

ಬೆರಳು ಮಡಚಿ ತಿಂಗಳು ಎಣಿಸಿದ. "ಹಂಗಾದ್ರ ಇಳಸೂದs ಇರಲಿಲ್ಲ. ಮ್ಯಾಲಿಂದ ಕಬ್ಬಿಣದ ಹಾರಿ ಹಾಕಿ ತೂತು ಹೊಡೆದು ಎಂಟು ದಿನಾ ಬಿಡಬೇಕಿತ್ತು. ಎಂಟ ದಿನಾ ಅಷ್ಟs" ಎಂದ. ಆಮೇಲೆ ಕೂತುಬಿಟ್ಟ. ನಾನು ಏನೋ ಹೇಳಲು ಬಾಯಿ ತೆರೆದೆ, ಕೈ ಎತ್ತಿ ಬೇಡ ಎಂದ.

"ನನ್ನ ಮುಂದ ಹೇಳಿ ಏನ್ ಉಪಯೋಗ್ರಿ? ಆಕಿ ಮುಂದ ಹೇಳ್ರಿ" ಎಂದು ಎದ್ದು ಮುಂದೆ ನಡೆದ.

ನಾನು ಹಿಂದೆ ನಡೆದೆ. ನಡು ಮಧ್ಯಾಹ್ನ. ಓಣಿಯವರು ನೋಡುತ್ತಿದ್ದರು. ಹದಿನೆಂಟು ವರ್ಷ ಊರಲ್ಲಿದ್ದು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಗುಂಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹುಲ್ಲಿನ ತಟ್ಟಿಯ ಈಚೆ ಬಂದಗಿಸಾಬನನ್ನು ಕಂಡು ಕೈ ನಿಲ್ಲಿಸಿದಳು, ನನ್ನನ್ನು ಕಂಡು ಎದ್ದು ನಿಂತಳು.

ನಾನು ಹೇಳಿದೆ. ಕರು, ಚೀಲ, ಶ್ರಾವಣ, ಮೂರನೆಯ ಮಾತು, ಹಿರಿಯರ ಮುಂದೆ ಆಡಿದ ಸುಳ್ಳು, ಎಲ್ಲ. ಭೀಮಶ್ಯಾ ನಾರ್ತೈತಿ ಎಂದಾಗ ನಾನು ಸುಮ್ಮನೆ ನಿಂತದ್ದನ್ನೂ ಹೇಳಿದೆ. ಅದನ್ನು ಬಂದಗಿಸಾಬನಿಗೂ ಹೇಳಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು. ಗುಂಡವ್ವ ಬಗ್ಗಿ ಅದನ್ನು ತೆಗೆದು ಮಗ್ಗುಲಿಗೆ ಇಟ್ಟಳು.

ನನ್ನ ಮುಖ ನೋಡಲಿಲ್ಲ. ಬಂದಗಿಸಾಬನ ಕಡೆ ನೋಡಿದಳು. "ಮ್ಯಾಲ ಬಾ ಅಂದಿದ್ದೇನು ನೀನು ಅವಂಗ?" ಎಂದು ಕೇಳಿದಳು.

"ಅಂದಿದ್ದೆ ಯವ್ವಾ. ಎರಡ ಸಲ ಅಂದಿದ್ದೆ."

"ಜಗ್ಗಿದಿ?"

"ಜಗ್ಗಿದೆ."

ಗುಂಡವ್ವ ಕೈಗೆ ಹತ್ತಿದ ಹಿಟ್ಟನ್ನು ತಿಕ್ಕಿ ಉದುರಿಸಿದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವನ ಕೈಗೆ ಕೊಟ್ಟಳು. ಚಾಪೆ ಹಾಸಿದಳು. ತಟ್ಟೆಯಲ್ಲಿ ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ಮುಂದೆ ಇಟ್ಟಳು.

"ಕೂಡು ಮಾವ. ಆರು ವರ್ಸ ಆತು, ನಮ್ಮ ಮನ್ಯಾಗ ಉಂಡಿಲ್ಲ ನೀನು" ಎಂದಳು.

ಅವನು ಕೂತ. ರೊಟ್ಟಿ ಮುರಿದ. ತುತ್ತು ಬಾಯಿಗೆ ಹೋಗಲಿಲ್ಲ, ಅವಳೇ ಮುರಿದು ಪಲ್ಯ ಹಚ್ಚಿ ಕೈಗೆ ಕೊಟ್ಟಳು. ಆಗ ಆ ಮುದುಕ ಅತ್ತ. ಅಳುತ್ತಲೇ ಉಂಡ. ಅವಳು ಮತ್ತೊಂದು ರೊಟ್ಟಿ ಬಡಿಯಲು ಕೂತಳು.

ನಾನು ಹೊಸ್ತಿಲ ಹೊರಗೆ ಬಿಸಿಲಲ್ಲಿ ನಿಂತಿದ್ದೆ. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಮ್ಮ ಮನೆತನದವರು ಆ ಓಣಿಯಲ್ಲಿ ಎಂದೂ ನೀರು ಮುಟ್ಟಿದವರಲ್ಲ. ಅವತ್ತು ನನ್ನ ಬಾಯಿ ಒಣಗಿತ್ತು. ಒಂದು ಗುಟುಕು ಕೊಟ್ಟಿದ್ದರೆ ಕುಡಿಯುತ್ತಿದ್ದೆ. ಅವಳು ಕೊಡಲಿಲ್ಲ, ನಾನು ಕೇಳಲಿಲ್ಲ.